ಬುತ್ತಿ ಕಟ್ಟುವ ಕೈ ಯಾರದು? ಅಕ್ಕೂರಿನ ಮೂರು ಲ್ಯಾಪ್‌ಟಾಪು, ಒಂದು ಕನ್ನಡ ತಂತ್ರಾಂಶ

ಅಕ್ಕೂರಿನಲ್ಲಿ ನನ್ನ ಗೆಳೆಯನ ಮನೆಯ ಪಡಸಾಲೆಯೇ ನಮ್ಮ ಆಫೀಸು. ತಿಂಗಳಲ್ಲಿ ಎರಡು ಭಾನುವಾರ ಅಲ್ಲಿ ಸೇರ್ತೀವಿ. ನಾನು ಬೆಂಗಳೂರಿಂದ ಚನ್ನಪಟ್ಟಣಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹೋಗೋ ಹೊತ್ತಿಗೆ ಹತ್ತು ಗಂಟೆ ಆಗಿರುತ್ತೆ. ಮೂರು ಹಳೇ ಲ್ಯಾಪ್‌ಟಾಪು, ಗೋಣಿಚೀಲದ ತುಂಬ ಜೆರಾಕ್ಸ್ ಪ್ರತಿ, ಡಿಗ್ರಿ ಮುಗಿಸಿ ಕೆಲಸ ಹುಡುಕ್ತಿರೋ ಇಬ್ಬರು, ಎಸ್ಸೆಸ್ಸೆಲ್ಸಿ ಓದೋ ಮೂವರು ಮಕ್ಕಳು. ಇಷ್ಟೇ ನಮ್ಮ ಬಳಗ.

ಜೆರಾಕ್ಸ್ ಪ್ರತಿಗಳೆಲ್ಲ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಪಡೆದವು. ಗ್ರಾಮಸಭೆ ನಡಾವಳಿ, ಕಾಮಗಾರಿ ಬಿಲ್ಲು, ನರೇಗಾ ಎನ್‌ಎಂಆರ್ ಪ್ರತಿ. ಇವನ್ನ ಫೋನಲ್ಲಿ ಫೋಟೊ ಹೊಡೆದು, ಚಿತ್ರದಲ್ಲಿರೋ ಅಕ್ಷರವನ್ನ ಪಠ್ಯವಾಗಿ ತೆಗೆದು, ಹುಡುಕೋ ಹಾಗೆ ಜೋಡಿಸಿಡೋದು ನಮ್ಮ ಕೆಲಸ. ‘ಚರಂಡಿ’ ಅಂತ ಟೈಪ್ ಮಾಡಿದ್ರೆ ಐದು ವರ್ಷದಲ್ಲಿ ಯಾವ ಬೀದಿ ಚರಂಡಿಗೆ ಎಷ್ಟು ಸಲ ಬಿಲ್ಲಾಗಿದೆ ಅಂತ ಒಂದೇ ಪುಟದಲ್ಲಿ ಬರಬೇಕು. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳೋಕೆ ಅದು ಬೇಕು. ಗೋಣಿಚೀಲ ಹೊತ್ಕೊಂಡು ಹೋಗಿ ಪ್ರಶ್ನೆ ಕೇಳೋಕೆ ಆಗಲ್ಲ.

ಇದಕ್ಕಾಗಿ ನಾನೊಂದು ಪುಟ್ಟ ತಂತ್ರಾಂಶ ಬರೆದೆ. ‘ಬರೆದೆ’ ಅನ್ನೋದು ದೊಡ್ಡ ಮಾತು, ಬೇರೆಯವರು ಬರೆದಿದ್ದನ್ನ ಜೋಡಿಸಿದೆ. ಅಕ್ಷರ ಗುರುತಿಸೋ ಕೆಲಸ ಟೆಸೆರಾಕ್ಟ್‌ದು. 1980ರ ದಶಕದಲ್ಲಿ ಎಚ್‌ಪಿ ಕಂಪನಿ ಶುರು ಮಾಡಿ, 2005ರಲ್ಲಿ ಓಪನ್ ಸೋರ್ಸ್ ಮಾಡಿದ ತಂತ್ರಾಂಶ ಅದು. ಕನ್ನಡವನ್ನೂ ಓದುತ್ತೆ, ಅಚ್ಚು ಚೆನ್ನಾಗಿದ್ರೆ ಚೆನ್ನಾಗೇ ಓದುತ್ತೆ. ಕೆಲವು ಕಡತ ಸಾಫ್ಟ್ ಕಾಪಿಯಲ್ಲೇ ಸಿಗುತ್ತೆ, ಆದರೆ ಹಳೇ ನುಡಿ ಫಾಂಟಿನಲ್ಲಿ ಇರುತ್ತೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು ಬಂದ ಹಾಗೆ ಕಾಣುತ್ತೆ. ಅದನ್ನ ಯೂನಿಕೋಡಿಗೆ ತರೋ ಒಂದು ಪರಿವರ್ತಕ ಸೇರಿಸಿದೆ. ಮೇಲೆ ಬಟನ್ನು, ಹುಡುಕು ಪೆಟ್ಟಿಗೆ ಬಿಡಿಸೋಕೆ ಕ್ಯೂಟಿ ಅನ್ನೋ ಲೈಬ್ರರಿ. ಇಷ್ಟನ್ನೂ ಪೈಥಾನ್‌ನಲ್ಲಿ ಹೊಲಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಬೆಣ್ಣೆ ಹಾಗೆ ಓಡ್ತು. ಪೆನ್‌ಡ್ರೈವಿಗೆ ಹಾಕ್ಕೊಂಡು ಹೋದೆ.

ಮೂರಕ್ಕೆ ಮೂರೂ ಕಂಪ್ಯೂಟರಿನಲ್ಲಿ ಓಡಲಿಲ್ಲ.

‘ಅಣ್ಣ, ಕ್ಲಿಕ್ ಮಾಡಿದ್ರೆ ಏನೂ ಬರ್ತಾನೇ ಇಲ್ಲ’ ಅಂದಳು ಹುಡುಗಿಯೊಬ್ಬಳು. ಆ ಇಡೀ ಭಾನುವಾರ ಚೀಲದಿಂದ ಒಂದು ಹಾಳೆಯೂ ಹೊರಗೆ ಬರಲಿಲ್ಲ. ಯಾಕೆ ಓಡಲಿಲ್ಲ ಅಂತ ಅವತ್ತು ಅವರಿಗೆ ಹೇಳೋಕೆ ಹೋಗಿ ತಡವರಿಸಿದೆ. ಆಮೇಲೆ ಕೂತು ಅರ್ಥ ಮಾಡ್ಕೊಂಡಿದ್ದನ್ನ ಇಲ್ಲಿ ಬರೀತಿದೀನಿ. ನೋಡೋಕೆ ಇದು ಬರೀ ಟೆಕ್ನಿಕಲ್ ತಲೆನೋವು. ಆದರೆ ಒಳಗಿರೋದು ನಾವು ದಿನಾ ಮಾತಾಡೋ ಪ್ರಶ್ನೆಗಳೇ: ಹಂಚಿಕೊಂಡು ಬಾಳೋದಾ, ಅವರವರದ್ದು ಅವರವರೇ ಹೊತ್ಕೊಳ್ಳೋದಾ? ಕೆಟ್ಟಾಗ ರಿಪೇರಿ ಯಾರ ಹೊಣೆ?

ಮೊದಲು ಆ ಮೂರು ಲ್ಯಾಪ್‌ಟಾಪಿನ ಕತೆ. ಮೂರೂ ಯಾರೋ ಬಳಸಿ ಬಿಟ್ಟವು. ವಿಂಡೋಸ್ 10ಕ್ಕೆ ಕೊಡ್ತಿದ್ದ ಬೆಂಬಲವನ್ನ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಇಷ್ಟು ಹಳೇ ಪ್ರೊಸೆಸರನ್ನ ವಿಂಡೋಸ್ 11 ಒಪ್ಪಲ್ಲ. ಹೊಸದು ಕೊಳ್ಳೋಕೆ ದುಡ್ಡಿಲ್ಲ. ಹಾಗಾಗಿ ಲಿನಕ್ಸ್. ಒಂದೊಂದನ್ನ ಒಬ್ಬೊಬ್ಬರು ಒಂದೊಂದು ಕಾಲದಲ್ಲಿ ಸೆಟ್ ಮಾಡಿದ್ರು. ಒಂದರಲ್ಲಿ ಉಬುಂಟು 20.04, ಇನ್ನೊಂದರಲ್ಲಿ ಲಿನಕ್ಸ್ ಮಿಂಟ್ 21, ಮೂರನೇದರಲ್ಲಿ ಡೆಬಿಯನ್ 12. ನನ್ನದರಲ್ಲಿ ಉಬುಂಟು 24.04. ಇವುಗಳನ್ನ ‘ಡಿಸ್ಟ್ರೊ’ ಅಂತಾರೆ. ಒಂದೇ ಲಿನಕ್ಸ್ ತಿರುಳಿನ ಸುತ್ತ ಸಾವಿರಾರು ತಂತ್ರಾಂಶಗಳನ್ನ ಆಯ್ದು, ಒಂದಕ್ಕೊಂದು ಹೊಂದೋ ಹಾಗೆ ಮಾಡಿ ಕೊಡೋ ಬೇರೆ ಬೇರೆ ಮನೆಗಳು.

ಯಾವ ತಂತ್ರಾಂಶವೂ ಒಂಟಿಯಾಗಿ ನಿಲ್ಲಲ್ಲ. ಚಿತ್ರ ತೆರೆಯೋಕೆ ಒಂದು ಲೈಬ್ರರಿ, ಅಕ್ಷರ ಮೂಡಿಸೋಕೆ ಒಂದು, ಇಂಟರ್ನೆಟ್ಟಿನಲ್ಲಿ ಗುಟ್ಟಾಗಿ ಮಾತಾಡೋಕೆ ಇನ್ನೊಂದು. ಈ ಲೈಬ್ರರಿ ಅಂದ್ರೆ ಪುಸ್ತಕದ್ದಲ್ಲ, ಯಾರೋ ಬರೆದಿಟ್ಟ ಸಿದ್ಧ ಕೋಡಿನ ಕಟ್ಟು. ಒಂದು ತಂತ್ರಾಂಶಕ್ಕೆ ಯಾವ್ಯಾವ ಲೈಬ್ರರಿ ಬೇಕೋ ಅವೇ ಅದರ ‘ಡಿಪೆಂಡೆನ್ಸಿ’. ಡಿಸ್ಟ್ರೊ ಲೋಕದ ಹಳೇ ಪದ್ಧತಿ ಏನಂದ್ರೆ, ಒಂದು ಲೈಬ್ರರಿ ಇಡೀ ಕಂಪ್ಯೂಟರಿಗೆ ಒಂದೇ ಇರುತ್ತೆ, ಎಲ್ಲ ತಂತ್ರಾಂಶವೂ ಅದನ್ನೇ ಹಂಚಿಕೊಳ್ಳುತ್ತೆ.

ನಮ್ಮ ಕಡೆ ರೇಷ್ಮೆ ಮಾಡೋರಿಗೆ ಇದನ್ನ ಹೇಳಬೇಕಾಗಿಲ್ಲ. ಹುಳ ಹಣ್ಣಾದಾಗ ಗೂಡು ಕಟ್ಟೋಕೆ ಚಂದ್ರಿಕೆ ಬೇಕು. ಎಲ್ಲರ ಮನೆಯಲ್ಲೂ ಸಾಕಾಗೋವಷ್ಟು ಇರಲ್ಲ, ಬಾಡಿಗೆಗೆ ತರ್ತಾರೆ. ಒಂದೇ ಚಂದ್ರಿಕೆ ಎಷ್ಟೋ ಮನೆಯ ಹುಳ ಕಾಣುತ್ತೆ. ಸರಿಯಾಗಿ ಔಷಧಿ ಹೊಡೆದು ತೊಳೆದ್ರೆ ಎಲ್ಲರಿಗೂ ಒಳ್ಳೇದು. ಹಾಗೇ ತಂದ್ರೆ ಒಂದು ಮನೆಯ ರೋಗ ಇನ್ನೊಂದು ಮನೆಗೆ. ಹಂಚಿಕೊಂಡ ಲೈಬ್ರರಿಯ ಲಾಭ, ಅಪಾಯ ಎರಡೂ ಇದೇ ತರ.

ನನ್ನ ತೊಂದರೆ ಅಂದ್ರೆ, ನಾಲ್ಕು ಮನೆಯ ಚಂದ್ರಿಕೆ ನಾಲ್ಕು ಅಳತೆ. ಉಬುಂಟು 20.04ರಲ್ಲಿ ಪೈಥಾನ್ 3.8, ಮಿಂಟ್ 21ರಲ್ಲಿ 3.10, ಡೆಬಿಯನ್ 12ರಲ್ಲಿ 3.11, ನನ್ನದರಲ್ಲಿ 3.12. ಮೊದಲೆರಡರಲ್ಲಿ ಟೆಸೆರಾಕ್ಟ್ 4.1.1, ಉಳಿದೆರಡರಲ್ಲಿ 5.3. ಅಂಕಿ ಬದಲಾದ್ರೆ ಪ್ಯಾಕೇಜಿನ ಹೆಸರೇ ಬದಲಾಗುತ್ತೆ: ಒಂದು ಕಡೆ ಲಿಬ್‌ಟೆಸೆರಾಕ್ಟ್4, ಇನ್ನೊಂದು ಕಡೆ ಲಿಬ್‌ಟೆಸೆರಾಕ್ಟ್5. ನನ್ನ ಡೆಬ್ ಪ್ಯಾಕೇಜು ‘ನಂಗೆ ಐದೇ ಬೇಕು’ ಅಂತ ಹಟ ಮಾಡಿದ್ರೆ ಉಬುಂಟು 20.04 ‘ಆ ಹೆಸರಿನವರು ಈ ಊರಲ್ಲೇ ಇಲ್ಲ’ ಅನ್ನುತ್ತೆ.

ಕೆಲವು ಸಲ ಒಳಗಿರೋದು ಅದೇ, ಹೆಸರು ಮಾತ್ರ ಬೇರೆ. 2038ರಲ್ಲಿ 32 ಬಿಟ್ ಕಂಪ್ಯೂಟರಿನ ಗಡಿಯಾರ ಉಕ್ಕಿ ಹೋಗೋ ಸಮಸ್ಯೆಯನ್ನ ಈಗಲೇ ಸರಿಮಾಡೋಕೆ ಡೆಬಿಯನ್, ಉಬುಂಟು ಎರಡೂ ಬಹಳಷ್ಟು ಲೈಬ್ರರಿಗಳ ಹೆಸರಿನ ಬಾಲಕ್ಕೆ ‘ಟಿ64’ ಅಂತ ಸೇರಿಸಿದವು. ಉಬುಂಟು 24.04ರಲ್ಲಿ ಅದು ಬಂತು. ಹಳೇ ಹೆಸರನ್ನೇ ಕೇಳೋ ಎಷ್ಟೋ ಪ್ಯಾಕೇಜು ಅವತ್ತಿಂದ ಎಡವಿದವು. ಅಕ್ಕೂರಿನವರಿಗೆ ಇದೂ ಹೊಸದಲ್ಲ ಬಿಡಿ. ನಮ್ಮ ಗೋಣಿಚೀಲದಲ್ಲಿರೋ ಹಳೇ ಕಾಗದದಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ಅಂತಿದೆ, 2007ರ ನಂತರದ್ದರಲ್ಲಿ ರಾಮನಗರ ಜಿಲ್ಲೆ, 2025ರಿಂದ ಬೆಂಗಳೂರು ದಕ್ಷಿಣ. ಊರು ಎಲ್ಲೂ ಹೋಗಿಲ್ಲ. ಜಿಲ್ಲೆ ಹೆಸರಿನ ಮೇಲೆ ಹುಡುಕೋರಿಗೆ ಮಾತ್ರ ಮೂರೂ ಗೊತ್ತಿರಬೇಕು.

ಹಾಗಾದ್ರೆ ಪ್ರತಿ ಡಿಸ್ಟ್ರೊದ ಪ್ರತಿ ಆವೃತ್ತಿಗೂ ಒಂದೊಂದು ಪ್ಯಾಕೇಜ್ ಮಾಡಬೇಕು. ನಾಲ್ಕು ಕಂಪ್ಯೂಟರಿಗೆ ನಾಲ್ಕು ಕಟ್ಟು, ನಾಲ್ಕು ಪರೀಕ್ಷೆ. ದೊಡ್ಡ ಕಂಪನಿಗಳು ಇದನ್ನೇ ಮಾಡ್ತಾವೆ. ವಾರಕ್ಕೆ ಒಂದು ಸಂಜೆ ಬಿಡುವು ಸಿಗೋ ನನ್ನಂಥವನಿಗೆ ಆಗೋ ಕೆಲಸವಲ್ಲ. ಆಗ ಕಣ್ಣಿಗೆ ಬಿದ್ದಿದ್ದು ಇನ್ನೊಂದು ದಾರಿ: ಬುತ್ತಿ.

ಹೋದ ಊರಲ್ಲಿ ಏನು ಸಿಗುತ್ತೋ ಗೊತ್ತಿಲ್ಲ, ಹಾಗಾಗಿ ಮನೆಯಿಂದಲೇ ರೊಟ್ಟಿ, ಚಟ್ನಿ, ನೀರು ಎಲ್ಲ ಕಟ್ಕೊಂಡು ಹೋಗೋದು. ತಂತ್ರಾಂಶದಲ್ಲೂ ಹಾಗೇ. ಪೈಥಾನ್, ಕ್ಯೂಟಿ, ಟೆಸೆರಾಕ್ಟ್, ಅದಕ್ಕೆ ಬೇಕಾದ ಚಿತ್ರದ ಲೈಬ್ರರಿಗಳು, ಕನ್ನಡದ ಡೇಟಾ, ಎಲ್ಲವನ್ನೂ ಒಂದೇ ಫೈಲಿನಲ್ಲಿ ತುಂಬಿಬಿಡೋದು. ಇದನ್ನ ‘ಬಂಡಲ್’ ಮಾಡೋದು ಅಂತಾರೆ. ಆಪ್‌ಇಮೇಜ್ ಅನ್ನೋ ವಿಧಾನದಲ್ಲಿ ಇನ್‌ಸ್ಟಾಲ್ ಕೂಡ ಬೇಡ. ಫೈಲನ್ನ ಪೆನ್‌ಡ್ರೈವಲ್ಲಿ ತಂದು, ಓಡೋಕೆ ಅನುಮತಿ ಕೊಟ್ಟು, ಎರಡು ಸಲ ಒತ್ತಿದ್ರೆ ಮುಗೀತು. ಹಳ್ಳಿಗೆ ಇದಕ್ಕಿಂತ ಹೊಂದೋದು ಇಲ್ಲ ಅನ್ನಿಸ್ತು. ಒಂದು ರಾತ್ರಿ ಕೂತು ಕಟ್ಟಿದೆ. ಮುಂದಿನ ಸಲ ಹೋದಾಗ ಮತ್ತೆ ಮೂರಕ್ಕೆ ಮೂರೂ ಕಡೆ ಒಂದೇ ದೂರು: ‘ಜಿಲಿಬ್‌ಸಿ 2.38 ಸಿಗಲಿಲ್ಲ’.

ಜಿಲಿಬ್‌ಸಿ ಅಂದ್ರೆ ಎಲ್ಲ ತಂತ್ರಾಂಶದ ಕಾಲ ಕೆಳಗಿನ ನೆಲ. ಫೈಲ್ ತೆರೆಯೋದು, ಮೆಮೊರಿ ಕೇಳೋದು, ಗಂಟೆ ಎಷ್ಟು ಅಂತ ನೋಡೋದು, ಎಲ್ಲ ಅದರ ಮೂಲಕವೇ. ಅದು ಇಡೀ ವ್ಯವಸ್ಥೆಗೆ ಎಷ್ಟು ಅಂಟಿಕೊಂಡಿರುತ್ತೆ ಅಂದ್ರೆ, ಬುತ್ತಿ ಕಟ್ಟೋ ಉಪಕರಣಗಳು ಸಾಮಾನ್ಯವಾಗಿ ಅದನ್ನ ಕಟ್ಟೋಕೇ ಹೋಗಲ್ಲ. ಊಟ ಹೊತ್ಕೊಂಡು ಹೋಗಬಹುದು, ಕೂರೋ ನೆಲ ಹೊತ್ಕೊಂಡು ಹೋಗೋಕಾಗಲ್ಲ. ಈ ನೆಲಕ್ಕೊಂದು ನಿಯಮ ಇದೆ. ಹಳೇ ಜಿಲಿಬ್‌ಸಿ ಮೇಲೆ ಕಟ್ಟಿದ್ದು ಹೊಸದರ ಮೇಲೆ ಓಡುತ್ತೆ, ಹೊಸದರ ಮೇಲೆ ಕಟ್ಟಿದ್ದು ಹಳೇದರಲ್ಲಿ ಓಡೋ ಖಾತ್ರಿ ಇಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ 2.39 ಇತ್ತು. ಅಕ್ಕೂರಿನವುಗಳಲ್ಲಿ 2.31, 2.35, 2.36. ಹೊಸ ಮನೆಯಲ್ಲಿ ಕೂತು ಹಳೇ ಮನೆಗೆ ಬುತ್ತಿ ಕಟ್ಟಿದ್ದು ನನ್ನ ತಪ್ಪು. ಲಿನಕ್ಸಿಗೆ ಪ್ಯಾಕೇಜ್ ಮಾಡೋರೆಲ್ಲ ಮೊದಲು ಕಲಿಯೋ ಪಾಠ ಇದು: ನಿಮ್ಮ ಬಳಕೆದಾರರಲ್ಲಿ ಯಾರ ಕಂಪ್ಯೂಟರ್ ಎಲ್ಲಕ್ಕಿಂತ ಹಳೇದೋ ಅದರ ಮೇಲೆ ಕಟ್ಟಿ. ಕಟ್ಟಕಡೆಯವರಿಂದ ಶುರು ಮಾಡಿದ್ರೆ ಮಾತ್ರ ಎಲ್ಲರನ್ನೂ ಮುಟ್ಟೋಕಾಗೋದು.

ಅದಕ್ಕೆ ಹಳೇ ಕಂಪ್ಯೂಟರೇ ಇರಬೇಕಂತಿಲ್ಲ. ಕಂಟೇನರ್ ಅಂತ ಒಂದು ಅನುಕೂಲ ಇದೆ, ಹೊಸ ಲ್ಯಾಪ್‌ಟಾಪಿನೊಳಗೇ ಹಳೇ ಉಬುಂಟುವಿನ ಒಂದು ಕೋಣೆ ಮಾಡ್ಕೊಳ್ಳಬಹುದು. 2023ರ ಬೇಸಿಗೆಯಲ್ಲಿ ಇನ್ಯಾವುದೋ ಕೆಲಸಕ್ಕೆ ಮಾಡಿಟ್ಟಿದ್ದ ಉಬುಂಟು 20.04ರ ಕಂಟೇನರು ನನ್ನ ಹಾರ್ಡ್‌ಡಿಸ್ಕಿನಲ್ಲಿ ಬಿದ್ದಿತ್ತು. (ಈ ವರ್ಷ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.) ಅದರೊಳಗೆ ಕೂತು ಕಟ್ಟಿದೆ. ಅಕ್ಕೂರಿನ ಮೂರರಲ್ಲೂ ಓಡ್ತು. ನನ್ನದೇ ಲ್ಯಾಪ್‌ಟಾಪಿನಲ್ಲಿ ಓಡಲಿಲ್ಲ! ಎಲ್ಲ ಹೊತ್ಕೊಂಡು ಬರೋ ಆಪ್‌ಇಮೇಜಿಗೂ ತನ್ನ ಗಂಟು ಬಿಚ್ಚೋಕೆ ಫ್ಯೂಸ್ ಅನ್ನೋ ಲೈಬ್ರರಿಯ ಎರಡನೇ ಆವೃತ್ತಿ ಬೇಕಿತ್ತು. ಉಬುಂಟು 22.04ರಿಂದ ಈಚೆಗೆ ಅದನ್ನ ತಾನಾಗೇ ಹಾಕಿ ಕೊಡೋದು ನಿಂತಿದೆ. ಈಗಿನ ಹೊಸ ಆಪ್‌ಇಮೇಜ್ ಉಪಕರಣದಲ್ಲಿ ಈ ತೊಡಕು ಕಡಿಮೆ, ನಾನು ಬಳಸಿದ್ದು ಹಳೇದು. ಸರಿ, ಒಂದು ಪ್ಯಾಕೇಜು ಹಾಕ್ಕೊಂಡೆ, ಮುಗೀತು ಅಂದ್ಕೊಂಡೆ.

ಮುಗಿದಿರಲಿಲ್ಲ. ಆ ಮಧ್ಯಾಹ್ನ ಅದೇ ಹುಡುಗಿ ಹುಡುಕು ಪೆಟ್ಟಿಗೆಯಲ್ಲಿ ‘ಚರಂಡಿ’ ಅಂತ ಟೈಪ್ ಮಾಡೋಕೆ ನೋಡಿದಳು. ಇಂಗ್ಲಿಷ್ ಅಕ್ಷರ ಬಂತು. ಪಕ್ಕದಲ್ಲಿ ಬ್ರೌಸರ್ ತೆರೆದು ಟೈಪ್ ಮಾಡಿದಳು, ಕನ್ನಡ ಬಂತು. ಮತ್ತೆ ನನ್ನ ತಂತ್ರಾಂಶಕ್ಕೆ ಬಂದ್ರೆ ಇಂಗ್ಲಿಷು. ‘ಅಣ್ಣ, ಇದಕ್ಕೆ ಕನ್ನಡ ಬರಲ್ವಾ?’

ಲಿನಕ್ಸಿನಲ್ಲಿ ಕನ್ನಡ ಟೈಪ್ ಮಾಡೋಕೆ ಐಬಸ್ ಅಥವಾ ಫಿಟ್ಕ್ಸ್‌ನಂಥ ಒಂದು ಮಧ್ಯವರ್ತಿ ಬೇಕು. ನೀವು ಒತ್ತಿದ ಕೀಲಿಯನ್ನ ಅದು ತಗೊಂಡು, ಕೆ.ಪಿ. ರಾವ್ ವಿನ್ಯಾಸದಿಂದ ಬಂದ ನಮ್ಮ ಕೀಲಿಮಣೆಯ ಪ್ರಕಾರ ಕನ್ನಡ ಅಕ್ಷರ ಮಾಡಿ ತಂತ್ರಾಂಶಕ್ಕೆ ಕೊಡುತ್ತೆ. ಅದರ ಜೊತೆ ಮಾತಾಡೋಕೆ ಕ್ಯೂಟಿಯೊಳಗೆ ಒಂದು ಪುಟ್ಟ ಪ್ಲಗಿನ್ ಇರಬೇಕು. ನನ್ನ ಬುತ್ತಿಯ ಗಾತ್ರ ಜಾಸ್ತಿಯಾಗಿತ್ತು. ಪೆನ್‌ಡ್ರೈವಲ್ಲಿ ಬೇಗ ಕಾಪಿ ಆಗಲಿ ಅಂತ ‘ಬೇಡದ’ ಫೋಲ್ಡರುಗಳನ್ನ ಕಿತ್ತು ಹಾಕಿದ್ದೆ. ಹಾಗೆ ಕಿತ್ತಿದ್ದರಲ್ಲಿ ಈ ಪ್ಲಗಿನ್ ಫೋಲ್ಡರೂ ಹೋಗಿತ್ತು. ನಾನು ಪರೀಕ್ಷೆ ಮಾಡುವಾಗ ಹುಡುಕು ಪೆಟ್ಟಿಗೆಗೆ ಪದ ಕಾಪಿ ಮಾಡಿ ಅಂಟಿಸ್ತಿದ್ದೆ, ಟೈಪ್ ಮಾಡಿರಲಿಲ್ಲ. ಗೊತ್ತಾಗಲೇ ಇಲ್ಲ.

ಕನ್ನಡದ ಕಾಗದ ಓದೋಕೆ ಅಂತಲೇ ಮಾಡಿದ ತಂತ್ರಾಂಶದಿಂದ, ಕನ್ನಡದವನೇ ಆದ ನಾನು, ಕನ್ನಡ ಟೈಪಿಂಗನ್ನ ಕಿತ್ತು ಬಿಸಾಕಿದ್ದೆ. ಗಾತ್ರ ಉಳಿಸೋಕೆ!

ಇದು ನನ್ನೊಬ್ಬನ ಪೆದ್ದುತನ ಆಗಿದ್ರೆ ಬರೀತಿರಲಿಲ್ಲ. ಕ್ಯೂಟಿ ಜೊತೆಗೆ ಐಬಸ್ ಪ್ಲಗಿನ್ ಬರುತ್ತೆ, ಫಿಟ್ಕ್ಸ್‌ದು ಬರಲ್ಲ. ಬುತ್ತಿ ಕಟ್ಟೋರು ನೆನಪಿಟ್ಟು ಸೇರಿಸಬೇಕು. ಸೇರಿಸದ ತಂತ್ರಾಂಶದಲ್ಲಿ ಚೀನೀ, ಜಪಾನೀ ಭಾಷೆಯವರೂ ಟೈಪ್ ಮಾಡೋಕಾಗದೆ ವರ್ಷಗಟ್ಟಲೆ ದೂರು ಹೇಳ್ತಾ ಬಂದಿದ್ದಾರೆ. ಡಿಸ್ಟ್ರೊದ ಹಂಚಿಕೊಂಡ ಕ್ಯೂಟಿ ಇದ್ದಾಗ ಈ ಕಷ್ಟ ಕಡಿಮೆ. ಒಬ್ಬರು ಪ್ಲಗಿನ್ ಪ್ಯಾಕೇಜು ಹಾಕ್ಕೊಂಡ್ರೆ ಆ ಕಂಪ್ಯೂಟರಿನ ಎಲ್ಲ ಕ್ಯೂಟಿ ತಂತ್ರಾಂಶಕ್ಕೂ ಕನ್ನಡ ಬರುತ್ತೆ. ಬುತ್ತಿಯಲ್ಲಿ ಹಾಗಿಲ್ಲ. ಏನು ಬೇಕು, ಏನು ಬೇಡ ಅನ್ನೋದು ಕಟ್ಟುವವರ ಕೈಯಲ್ಲಿ. ಬರ್ಲಿನ್ನಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಕೂತು ಇಂಗ್ಲಿಷಿನಲ್ಲೇ ಪರೀಕ್ಷೆ ಮಾಡೋರ ಕಣ್ಣಿಗೆ ನಮ್ಮ ಭಾಷೆ ಇರೋದೇ ಆ ‘ಬೇಡದ’ ಫೋಲ್ಡರಿನಲ್ಲಿ. ಅವರಿಗೆ ದ್ವೇಷ ಏನಿಲ್ಲ, ನನಗೂ ಇರಲಿಲ್ಲ. ಭಾಷೆಯೊಂದು ಹೊರಗುಳಿಯೋಕೆ ದ್ವೇಷ ಬೇಕಾಗಿಲ್ಲ, ಪರೀಕ್ಷೆ ಮಾಡೋ ಕೋಣೆಯಲ್ಲಿ ಆ ಭಾಷೆಯವರು ಇಲ್ಲದಿದ್ರೆ ಸಾಕು.

ಈಗ ಆ 2023ರ ಕಂಟೇನರಿಗೆ ಬರ್ತೀನಿ. ನಮ್ಮ ಕೆಲಸ ನೋಡಿದ ಒಬ್ಬ ಗೆಳೆಯ ಸುಮ್ಮನೆ ಕೇಳಿದ: ‘ನಿನ್ನ ಬುತ್ತಿಯಲ್ಲಿ ಲಿಬ್‌ವೆಬ್‌ಪಿ ಯಾವಾಗಿನದು?’ ಬಿಚ್ಚಿ ನೋಡಿದೆ. ಒಳಗೆ ನೂರಕ್ಕೂ ಹೆಚ್ಚು ಲೈಬ್ರರಿ ಫೈಲುಗಳಿದ್ದವು, ಎಷ್ಟೋ ಹೆಸರು ನಾನು ಕೇಳೇ ಇರಲಿಲ್ಲ. ಟೆಸೆರಾಕ್ಟ್ ಚಿತ್ರ ತೆರೆಯೋಕೆ ಲೆಪ್ಟೋನಿಕಾ ಬೇಕು ಅನ್ನುತ್ತೆ, ಲೆಪ್ಟೋನಿಕಾ ವೆಬ್‌ಪಿ ಚಿತ್ರಕ್ಕೆ ಲಿಬ್‌ವೆಬ್‌ಪಿ ಬೇಕು ಅನ್ನುತ್ತೆ. ನೆಂಟರ ಜೊತೆ ನೆಂಟರು.

2023ರ ಸೆಪ್ಟೆಂಬರ್‌ನಲ್ಲಿ ಆ ಲಿಬ್‌ವೆಬ್‌ಪಿಯಲ್ಲಿ ಒಂದು ಭಾರೀ ದೋಷ ಬಯಲಾಯಿತು. ಸಿವಿಇ-2023-4863 ಅಂತ ಅದರ ಸಂಖ್ಯೆ. ವರದಿ ಮಾಡಿದ್ದು ಆಪಲ್‌ನ ಭದ್ರತಾ ತಂಡ ಮತ್ತು ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್. ಬೇಕಂತಲೇ ಕೆಡಿಸಿದ ಒಂದು ಚಿತ್ರ ತೆರೆದ್ರೆ ಸಾಕು, ಹೊರಗಿನವರ ಕೋಡು ನಿಮ್ಮ ಕಂಪ್ಯೂಟರಿನಲ್ಲಿ ಓಡಬಹುದು. ಅದೇ ವಾರ ಸಿಟಿಜನ್ ಲ್ಯಾಬ್ ಇನ್ನೊಂದು ವಿಷಯ ಹೊರಗೆ ತಂದಿತ್ತು: ಐಫೋನಿನ ಮಾಲೀಕರು ಏನನ್ನೂ ಒತ್ತದೆ ಪೆಗಾಸಸ್ ಒಳಗೆ ಇಳಿಯೋ ದಾರಿ. ಆ ದಾರಿಯಲ್ಲೂ ಚಿತ್ರ ತೆರೆಯೋ ಕೋಡೇ ಬಾಗಿಲಾಗಿತ್ತು. ಎರಡರ ಹಿಂದೆಯೂ ಇದೇ ದೋಷ ಇದೆ ಅಂತ ಭದ್ರತಾ ಸಂಶೋಧಕರು ಆಮೇಲೆ ಬಿಡಿಸಿ ತೋರಿಸಿದರು. 2021ರಲ್ಲಿ ನಮ್ಮ ದೇಶದ ಪತ್ರಕರ್ತರ, ಹೋರಾಟಗಾರರ ಹೆಸರು ಪೆಗಾಸಸ್ ಪಟ್ಟಿಯಲ್ಲಿ ಬಂದಿದ್ದು ನಿಮಗೆ ನೆನಪಿರುತ್ತೆ.

ಆ ಸೆಪ್ಟೆಂಬರ್‌ನಲ್ಲಿ ಡೆಬಿಯನ್, ಉಬುಂಟು ಏನು ಮಾಡಿದವು? ಹಂಚಿಕೊಂಡ ಆ ಒಂದು ಲೈಬ್ರರಿ ಸರಿಮಾಡಿ ಅಪ್‌ಡೇಟ್ ಕೊಟ್ಟವು. ಅದನ್ನ ಬಳಸೋ ಎಲ್ಲ ತಂತ್ರಾಂಶವೂ ಒಟ್ಟಿಗೇ ಸರಿಹೋಯ್ತು. ಒಂದು ಚಂದ್ರಿಕೆ ತೊಳೆದ ಹಾಗೆ. ತಮ್ಮ ತಮ್ಮ ಬುತ್ತಿಯಲ್ಲಿ ಲಿಬ್‌ವೆಬ್‌ಪಿ ಕಟ್ಕೊಂಡಿದ್ದವರ ಪಾಡು ಬೇರೆ. ಕ್ರೋಮ್ ಒಡಲನ್ನೇ ಬುತ್ತಿಯಾಗಿ ಹೊತ್ಕೊಂಡು ಓಡಾಡೋ ಎಲೆಕ್ಟ್ರಾನ್ ತಂತ್ರಾಂಶಗಳು ಒಂದೊಂದೂ ಬೇರೆ ಬೇರೆ ಅಪ್‌ಡೇಟ್ ಬಿಡಬೇಕಾಯ್ತು. ಚಾಟ್ ಮಾಡೋದು, ಕೋಡ್ ಬರೆಯೋದು, ಟಿಪ್ಪಣಿ ಇಡೋದು, ಇಂಥವು ಎಷ್ಟೋ ಇವೆ. ಕೆಲವರು ದಿನದೊಳಗೆ ಬಿಟ್ಟರು, ಕೆಲವರು ತಿಂಗಳು ತಗೊಂಡರು. ಡೆಬಿಯನ್ ತನ್ನ ನೀತಿ ಪುಸ್ತಕದಲ್ಲೇ ‘ಬೇರೆಯವರ ಕೋಡಿನ ನಕಲನ್ನ ಒಳಗೆ ತುಂಬ್ಕೋಬೇಡಿ’ ಅಂತ ಬರೆದಿಟ್ಟಿರೋದು ಇದಕ್ಕೇ.

ನನ್ನ ಬುತ್ತಿಯಲ್ಲಿ ಇದ್ದದ್ದು ಸೆಪ್ಟೆಂಬರ್‌ಗಿಂತ ಮುಂಚಿನ ಲಿಬ್‌ವೆಬ್‌ಪಿ. ಬೇಸಿಗೆಯಲ್ಲಿ ಮಾಡಿಟ್ಟ ಕಂಟೇನರನ್ನ ಅಪ್‌ಡೇಟ್ ಮಾಡದೇ ಅದರೊಳಗೆ ಕಟ್ಟಿದ್ದೆ. ಆ ಮೂರೂ ಕಂಪ್ಯೂಟರಿನಲ್ಲಿ ಡಿಸ್ಟ್ರೊ ಕೊಟ್ಟ ಸರಿಯಾದ ಲೈಬ್ರರಿ ಇತ್ತು. ನನ್ನ ತಂತ್ರಾಂಶ ಅದನ್ನ ಕಣ್ಣೆತ್ತಿಯೂ ನೋಡದೆ ತನ್ನ ಗಂಟಿನೊಳಗಿನ ಹಳಸಿದ್ದನ್ನೇ ತಿಂತಿತ್ತು. ಆ ತಂತ್ರಾಂಶದ ಕೆಲಸವಾದ್ರೂ ಏನು? ಯಾರ್ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಚಿತ್ರ ತೆರೆಯೋದು. ಪಂಚಾಯ್ತಿ ಲೆಕ್ಕ ಕೇಳೋ ಹುಡುಗರ ಕೈಗೆ ನಾನು ಕೊಟ್ಟಿದ್ದ ಉಪಕರಣ ಅದು. ನಮಗೆ ಏನೂ ಆಗಲಿಲ್ಲ. ಆದ್ರೆ ಆಗದೇ ಇದ್ದದ್ದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇರಲಿಲ್ಲ.

ಇಷ್ಟು ಹೇಳಿದ ಮೇಲೆ ‘ಹಂಚಿಕೊಂಡಿದ್ದೇ ಸರಿ, ಬುತ್ತಿ ತಪ್ಪು’ ಅಂತ ತೀರ್ಪು ಕೊಟ್ಟುಬಿಡೋದು ಸುಲಭ. ಹಾಗಿಲ್ಲ. ಹಂಚಿಕೊಂಡ ಬಾವಿಗೆ ವಿಷ ಬಿದ್ರೆ ಇಡೀ ಊರಿಗೆ ಬೀಳುತ್ತೆ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಅನ್ನೋ ಸಣ್ಣ ಲೈಬ್ರರಿಯಲ್ಲಿ ಆಗಿದ್ದು ಅದೇ. ಬಹುತೇಕ ಒಬ್ಬರೇ ಬಿಡುವಿನಲ್ಲಿ ನೋಡ್ಕೊಳ್ತಿದ್ದ ಯೋಜನೆ ಅದು. ಸಹಾಯ ಮಾಡ್ತೀನಿ ಅಂತ ಬಂದವರು ಎರಡು ವರ್ಷಕ್ಕೂ ಮೀರಿ ನಂಬಿಕೆ ಗಳಿಸಿ, ಕೊನೆಗೆ ಹಿಂಬಾಗಿಲು ಇಟ್ಟರು. ಅದು ಡೆಬಿಯನ್, ಫೆಡೋರಾಗಳ ಪರೀಕ್ಷಾ ಆವೃತ್ತಿಗಳ ತನಕ ತಲುಪಿತ್ತು. ಲಾಗಿನ್ ಅರ್ಧ ಸೆಕೆಂಡು ನಿಧಾನ ಆಯ್ತಲ್ಲ ಅಂತ ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್ ಕೆದಕಿದ್ದಕ್ಕೆ ಸಿಕ್ಕಿಬಿತ್ತು, ಇಲ್ಲದಿದ್ರೆ ಎಲ್ಲರ ಮನೆಗೂ ಬರ್ತಿತ್ತು. ಹಂಚಿಕೊಂಡ ವಸ್ತು ಅಂದ್ಕೂಡಲೇ ಅದನ್ನ ನೋಡ್ಕೊಳ್ಳೋರು ಇದ್ದಾರೆ ಅಂತ ಅರ್ಥವಲ್ಲ.

ಇನ್ನೊಂದು ಮಧ್ಯದ ದಾರಿ ಫ್ಲ್ಯಾಟ್‌ಪ್ಯಾಕ್. ಅದರಲ್ಲಿ ಕ್ಯೂಟಿಯಂಥ ದೊಡ್ಡ ಲೈಬ್ರರಿಗಳು ‘ರನ್‌ಟೈಮ್’ ಅನ್ನೋ ಹೆಸರಲ್ಲಿ ಒಂದು ಕಡೆ ಇರುತ್ತೆ, ಹಲವು ತಂತ್ರಾಂಶ ಅದನ್ನ ಹಂಚಿಕೊಳ್ಳುತ್ತೆ. ಯಾವ ಡಿಸ್ಟ್ರೊ ಆದ್ರೂ ಅದೇ ರನ್‌ಟೈಮ್. ತನ್ನದೇ ಆದ ಸಣ್ಣಪುಟ್ಟದ್ದನ್ನ ಮಾತ್ರ ತಂತ್ರಾಂಶ ಹೊತ್ಕೊಳ್ಳುತ್ತೆ. ನನಗೆ ಇದು ಇಷ್ಟ, ಆದರೆ ಮೊದಲ ಸಲ ಇಳಿಸ್ಕೊಳ್ಳೋಕೆ ನೂರಾರು ಎಂಬಿ ಬೇಕು. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ನಡೆಯೋ ನಮ್ಮ ಪಡಸಾಲೆಗೆ ಭಾರ. ಉಬುಂಟು ಮಾಡೋ ಕೆನಾನಿಕಲ್ ಕಂಪನಿಯ ಸ್ನ್ಯಾಪ್ ಕೂಡ ಇದೆ. ಅಪ್‌ಡೇಟ್ ತಾನಾಗೇ ಬರುತ್ತೆ, ಅದು ಒಳ್ಳೇದು. ಆದರೆ ಅಂಗಡಿ ಒಂದೇ, ಬೀಗದ ಕೈ ಆ ಕಂಪನಿಯ ಹತ್ರ. ಆ ಅಂಗಡಿ ನಡೆಸೋ ಸರ್ವರಿನ ಕೋಡು ಮುಕ್ತವಾಗಿಲ್ಲ. ಇದೇ ಕಾರಣಕ್ಕೆ 2020ರಲ್ಲಿ ಲಿನಕ್ಸ್ ಮಿಂಟ್ ತನ್ನಲ್ಲಿ ಸ್ನ್ಯಾಪ್ ತಾನಾಗೇ ಬರದ ಹಾಗೆ ತಡೆ ಹಾಕ್ತು. ನನಗೆ ಆ ತಡೆ ಸರಿ ಅನ್ನಿಸುತ್ತೆ.

ಕನ್ನಡಕ್ಕೆ ಇಲ್ಲೀವರೆಗೆ ಕೆಲಸಕ್ಕೆ ಬಂದಿರೋದು ಮಾತ್ರ ಹಂಚಿಕೊಳ್ಳೋ ದಾರಿಯೇ. ಅರವಿಂದ ವಿ.ಕೆ. ರೂಪಿಸಿದ ಗುಬ್ಬಿ, ನವಿಲು ಫಾಂಟುಗಳು ಒಂದು ಸಲ ಡೆಬಿಯನ್ ಪ್ಯಾಕೇಜಾದವು. ಅಲ್ಲಿಂದ ಉಬುಂಟುಗೆ, ಮಿಂಟ್‌ಗೆ ತಾವೇ ಹರಿದುಹೋದವು. ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ಎಂ17ಎನ್ ಸಂಗ್ರಹದಲ್ಲಿದೆ, ಟೆಸೆರಾಕ್ಟಿನ ಕನ್ನಡ ಡೇಟಾ ಪ್ರತ್ಯೇಕ ಪ್ಯಾಕೇಜಾಗಿದೆ. ಯಾರೋ ಕೆಲವರು ಸಂಬಳ ಇಲ್ಲದೆ ಮಾಡಿದ ಕೆಲಸ. ನಮ್ಮ ಪಡಸಾಲೆಯ ಲ್ಯಾಪ್‌ಟಾಪಿನಲ್ಲಿ ಕನ್ನಡ ಚೌಕ ಚೌಕವಾಗಿ ಕಾಣದೆ ಅಕ್ಷರವಾಗೇ ಕಾಣ್ತಿರೋದು ಅವರಿಂದ.

ಹಾಗಾದ್ರೆ ಸರ್ಕಾರಕ್ಕೆ ಕೆಲಸವೇ ಇಲ್ವಾ? ಪಕ್ಕದ ಕೇರಳ ನೋಡಿ. 2001ರಲ್ಲಿ ಐಟಿ@ಸ್ಕೂಲ್ ಅಂತ ಶುರುವಾಗಿ, 2017ರಲ್ಲಿ ಕೈಟ್ ಅನ್ನೋ ಸರ್ಕಾರಿ ಕಂಪನಿಯಾದ ಸಂಸ್ಥೆ ಉಬುಂಟು ಆಧರಿಸಿ ಶಾಲೆಗಳಿಗೆ ತನ್ನದೇ ಲಿನಕ್ಸ್ ಕಟ್ಟುತ್ತೆ. ಪಠ್ಯಕ್ಕೆ ಬೇಕಾದ ತಂತ್ರಾಂಶವೆಲ್ಲ ಅದರಲ್ಲೇ. ಉಬುಂಟು ಆವೃತ್ತಿ ಬದಲಾದಾಗ ಹೊಸದಾಗಿ ಕಟ್ಟಿ ಕೊಡೋಕೆ ಸಂಬಳ ತಗೊಳ್ಳೋ ಜನ ಇದ್ದಾರೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯ ಮಕ್ಕಳೂ ಐಸಿಟಿ ಕಲಿಯೋದು ಇದರ ಮೇಲೇ. ಕರ್ನಾಟಕದಲ್ಲಿ ಏನೂ ಆಗಿಲ್ಲ ಅಂತಲ್ಲ. ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸೇರಿ ಪ್ರೌಢಶಾಲಾ ಶಿಕ್ಷಕರಿಗೆ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಉಬುಂಟು ಬಳಸಿಯೇ ತರಬೇತಿ ಕೊಟ್ಟಿದ್ದರು. ತರಬೇತಿಗೆ ಕೊನೆ ಇದೆ, ಪ್ಯಾಕೇಜಿಗೆ ಇಲ್ಲ. ಎರಡು ವರ್ಷಕ್ಕೊಂದು ಸಲ ನೆಲ ಬದಲಾಗುತ್ತೆ, ಆಗೆಲ್ಲ ಯಾರಾದ್ರೂ ಕೂತು ಮತ್ತೆ ಕಟ್ಟಬೇಕು.

ಕೇಂದ್ರ ಸರ್ಕಾರ 2015ರಲ್ಲೇ ತನ್ನ ಇ-ಆಡಳಿತಕ್ಕೆ ಓಪನ್ ಸೋರ್ಸಿಗೆ ಮೊದಲ ಆದ್ಯತೆ ಅಂತ ನೀತಿ ಮಾಡಿದೆ. ನಾವು ರಾಜ್ಯದಲ್ಲಿ ಕೇಳಬೇಕಾದ್ದು ಅದಕ್ಕಿಂತ ಒಂದು ಹೆಜ್ಜೆ ಮುಂದಿನದು. ಸಾರ್ವಜನಿಕರ ದುಡ್ಡಿನಲ್ಲಿ ಆಗೋ ಪ್ರತಿ ಕನ್ನಡ ತಂತ್ರಾಂಶದ ಕೋಡಿನ ಜೊತೆಗೆ, ಅದನ್ನ ಹೇಗೆ ಕಟ್ಟಿದ್ರು ಅನ್ನೋ ಪಾಕವಿಧಾನವೂ ಬಯಲಲ್ಲಿ ಇರಬೇಕು. ಒಳಗೆ ಯಾವ್ಯಾವ ಲೈಬ್ರರಿ ಕಟ್ಟಿದ್ದಾರೆ, ಯಾವ ಆವೃತ್ತಿ ಅನ್ನೋ ಪಟ್ಟಿ ಇರಬೇಕು. ಟೆಂಡರಿನಲ್ಲಿ ಬಿಡುಗಡೆ ಸಮಾರಂಭದ ನಂತರದ ಐದು ವರ್ಷಕ್ಕೂ ಒಂದು ಸಾಲು ಇರಬೇಕು. ರಸ್ತೆ ಕಾಮಗಾರಿಗೆ ನಿರ್ವಹಣಾ ಅವಧಿ ಕೇಳ್ತೀವಲ್ಲ, ಹಾಗೆ.

ನಾನು ಈಗ ಮಾಡ್ತಿರೋದು ಇಷ್ಟು. ಹೊಸ ಆವೃತ್ತಿಗಳಿಗೆ ಡೆಬ್ ಪ್ಯಾಕೇಜು. ಅದು ಡಿಸ್ಟ್ರೊದ ಲೈಬ್ರರಿಗಳನ್ನೇ ಬಳಸುತ್ತೆ, ಚಿತ್ರ ತೆರೆಯೋದನ್ನಂತೂ ಬುತ್ತಿಗೆ ಹಾಕಲ್ಲ. ಉಬುಂಟು 20.04 ಇರೋ ಆ ಒಂದು ಲ್ಯಾಪ್‌ಟಾಪಿಗೆ ಮಾತ್ರ ಆಪ್‌ಇಮೇಜು, ತಿಂಗಳಿಗೊಮ್ಮೆ ಮೊದಲಿಂದ ಕಟ್ಟಿದ್ದು. ಪರೀಕ್ಷೆಯ ಮೊದಲ ಹೆಜ್ಜೆ, ಹುಡುಕು ಪೆಟ್ಟಿಗೆಯಲ್ಲಿ ಕೈಯಾರೆ ‘ಚರಂಡಿ’ ಅಂತ ಟೈಪ್ ಮಾಡೋದು. ಅದನ್ನ ಮಾಡೋದು ನಾನಲ್ಲ, ಆ ಹುಡುಗಿ.

ಇದರಲ್ಲೂ ಒಂದು ತೂತಿದೆ. ಉಬುಂಟು 20.04ಕ್ಕೆ ಎಲ್ಲರಿಗೂ ಸಿಗ್ತಿದ್ದ ಉಚಿತ ಬೆಂಬಲ 2025ರ ಮೇ ತಿಂಗಳಲ್ಲಿ ಮುಗೀತು. ಅಂದ್ರೆ ನಾನು ತಿಂಗಳು ತಿಂಗಳು ಹೊಸದಾಗಿ ಕಟ್ಟಿದ್ರೂ ಒಳಗೆ ಹೋಗೋ ಸಾಮಾನು ಆ ಮೇ ತಿಂಗಳಿಗೇ ನಿಂತಿರುತ್ತೆ. ನಾನೇ ಒಂದೊಂದು ಲೈಬ್ರರಿಯನ್ನೂ ಮೂಲದಿಂದ ಕಟ್ಟಬೇಕು, ಇಲ್ಲಾ ಆ ಲ್ಯಾಪ್‌ಟಾಪಿಗೇ ಹೊಸ ಡಿಸ್ಟ್ರೊ ಹಾಕಬೇಕು. ಅದಕ್ಕೆ ನಾಲ್ಕು ಜಿಬಿ ರ‍್ಯಾಮ್ ಇದೆ, ಡೆಬಿಯನ್ ತಡ್ಕೊಳ್ಳುತ್ತೆ. ಹೋದ ಸಲ ಹಾಕೋಣ ಅಂತ ಹೊರಟಾಗ ಮಕ್ಕಳು ಬೇಡ ಅಂದರು. ಪರೀಕ್ಷೆ ನೋಟ್ಸೆಲ್ಲ ಅದರಲ್ಲೇ ಇದೆಯಂತೆ. ಮುಗಿದ ಮೇಲೆ ಮಾಡೋಣ ಅಣ್ಣ, ಅಂದ್ರು. ಗೋಣಿಚೀಲದಲ್ಲಿ ಇನ್ನೂ ಅರ್ಧ ಕಾಗದ ಬಾಕಿ ಇದೆ.